ಗೆರೆಯ ಕೆಳಗಿನ ಸಂಖ್ಯೆ

ಹೂಮಳೆ ಬಿದ್ದು ಒಂಬತ್ತನೆಯ ದಿನ. ಸಕಲೇಶಪುರದ ಕಡೆಯ ನಮ್ಮ ತೋಟ ಬೆಳ್ಳಗೆ ಅರಳಿ ನಿಂತಿತ್ತು. ಅಕ್ಕನ ಮಗ ಬೆಂಗಳೂರಿನಿಂದ ಬೈಕಿನಲ್ಲಿ ಬಂದಿಳಿದವನು ಕಾಫಿ ಲೋಟ ಕೈಗೆ ಬರುವಷ್ಟರಲ್ಲೇ ವಿಷಯ ತೆಗೆದ.

"ಮಾವ, ಪುಣೆ ಹತ್ರ ಕಾಮಶೇತ್ ಅಂತಿದೆ. ಅಲ್ಲಿ ಪ್ಯಾರಾಗ್ಲೈಡಿಂಗ್ ಕಲಿಸ್ತಾರೆ. ಹೋಗ್ಬರೋಣ ಅಂತಿದೀನಿ."

ಕೇಳಿದ್ದು ನನ್ನನ್ನು. ಉತ್ತರ ಬಂದಿದ್ದು ಅಡುಗೆಮನೆಯಿಂದ, ನಮ್ಮಮ್ಮನದು. "ಏನೂ ಬೇಡ ಕಣೋ. ಹಿಮಾಚಲದಲ್ಲಿ ಹಂಗೇ ಹಾರಕ್ಕೆ ಹೋಗಿ ಬಿದ್ದು ಸತ್ರು ಅಂತ ಪೇಪರಲ್ಲಿ ಬಂದಿತ್ತು."

"ಅಜ್ಜಿ, ಪ್ರಪಂಚದಲ್ಲಿ ವಿಮಾನದಷ್ಟು ಸೇಫ್ ಯಾವ್ದೂ ಇಲ್ಲ. ಶಿರಾಡಿ ಘಾಟೀಲಿ ಗಾಡಿ ಓಡ್ಸೋದೇ ಅದಕ್ಕಿಂತ ಡೇಂಜರ್."

ಇಬ್ಬರೂ ನನ್ನ ಮುಖ ನೋಡಿದರು. ಹಾಸನದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಹೇಳಿಕೊಟ್ಟವನ ಮನೆಯಲ್ಲಿ ಇಂಥ ಪಂಚಾಯಿತಿಗಳು ಸುತ್ತಿ ಸುತ್ತಿ ಅವನ ತಲೆಗೇ ಬರುತ್ತವೆ. ನನಗೆ ಇಬ್ಬರೂ ಒಂದೇ ಜಾಗದಲ್ಲಿ ಎಡವಿದಂತೆ ಕಂಡಿತು. ಅಮ್ಮನ ಹತ್ತಿರ ಅಂಶ ಇತ್ತು, ಛೇದ ಇರಲಿಲ್ಲ. ಹುಡುಗನ ಹತ್ತಿರ ಛೇದ ಇತ್ತು, ಆದರೆ ಅದು ಬೇರೆ ಯಾರದೋ ಲೆಕ್ಕದ್ದು.

ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ. ಪತ್ರಿಕೆಯಲ್ಲಿ ಬರುವುದು ಯಾವಾಗಲೂ ಮೇಲಿನದು: ಇಬ್ಬರು ಸತ್ತರು, ಮೂವರು ಗಾಯಗೊಂಡರು. ಆ ದಿನ ಸುಮ್ಮನೆ ಹಾರಿ, ಇಳಿದು, ಚಹಾ ಕುಡಿದು ಮನೆಗೆ ಹೋದವರೆಷ್ಟು ಜನ ಎಂದು ಯಾರೂ ಬರೆಯುವುದಿಲ್ಲ, ಅದು ಸುದ್ದಿಯಲ್ಲ. ಆದರೆ ಅಪಾಯ ಎಂಬುದು ಆ ಎರಡು ಸಂಖ್ಯೆಗಳ ಭಾಗಾಕಾರ. ಕೆಳಗಿನದು ಗೊತ್ತಿಲ್ಲದೆ ಮೇಲಿನದನ್ನು ಓದಿ ಹೆದರುವುದೂ ಒಂದೇ, ಧೈರ್ಯ ಮಾಡುವುದೂ ಒಂದೇ.

ಮೊದಲು ಹುಡುಗನ ವಿಮಾನದ ಮಾತು. ವೇಳಾಪಟ್ಟಿ ಹಾಕಿಕೊಂಡು ಹಾರುವ ದೊಡ್ಡ ವಿಮಾನಗಳ ಮಟ್ಟಿಗೆ ಅವನು ಹೇಳಿದ್ದು ನಿಜ. ವಿಮಾನಯಾನ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟ ಐಎಟಿಎ ಪ್ರಕಟಿಸುವ ಲೆಕ್ಕದಂತೆ 2023ರಲ್ಲಿ ಪ್ರಯಾಣಿಕನ ಸಾವಿನ ಅಪಾಯ ಹತ್ತು ಲಕ್ಷ ಹಾರಾಟಕ್ಕೆ 0.03. ಅದೊಂದು ಅದೃಷ್ಟದ ವರ್ಷ. ಐದು ವರ್ಷದ ಸರಾಸರಿ ತೆಗೆದರೂ 0.11 ದಾಟುವುದಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ ಮೇಲೆ ನಮ್ಮ ಕಡೆಯವರೂ ವಿಮಾನ ಹತ್ತುವುದು ಕಲಿತರು. ಅವರಿಗೆ ಈ ಸಂಖ್ಯೆ ಅನ್ವಯಿಸುತ್ತದೆ. ಇಬ್ಬರು ಪೈಲಟ್‌ಗಳು, ಪ್ರತಿ ಯಂತ್ರಕ್ಕೂ ಬದಲಿ ಯಂತ್ರ, ರೇಡಾರ್, ನೆಲದ ಮೇಲೆ ನೂರು ಜನರ ಕಾವಲು, ಇಷ್ಟೆಲ್ಲ ಸೇರಿ ಹುಟ್ಟಿದ ಸಂಖ್ಯೆ ಅದು. ಬೆನ್ನಿಗೆ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದ ನೆತ್ತಿಯಿಂದ ಓಡಿ ಜಿಗಿಯುವವನು ಅದನ್ನು ತನ್ನದೆಂದು ಹೇಳಿಕೊಂಡರೆ, ಕೆಎಸ್ಆರ್‌ಟಿಸಿ ಬಸ್ಸಿನ ಅಪಘಾತದ ಲೆಕ್ಕವನ್ನು ಮೋಟಾರ್ ಸೈಕಲ್ ರೇಸಿಗೆ ಹಚ್ಚಿದ ಹಾಗೆ. ಎರಡೂ ರಸ್ತೆಯ ಮೇಲೆಯೇ ಓಡುತ್ತವಲ್ಲ!

ಹಾಗಾದರೆ ಪ್ಯಾರಾಗ್ಲೈಡಿಂಗಿನ ಸ್ವಂತ ಛೇದ ಯಾವುದು?

ಅದನ್ನು ಹೇಳುವ ಮೊದಲು ಒಂದು ಅಳತೆಗೋಲು ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹೊವಾರ್ಡ್ ಎಂಬ ಪ್ರಾಧ್ಯಾಪಕರು ಇಂಥ ಲೆಕ್ಕಕ್ಕೆಂದೇ 'ಮೈಕ್ರೋಮಾರ್ಟ್' ಎಂಬ ಮಾನ ಮಾಡಿಕೊಟ್ಟರು. ಹತ್ತು ಲಕ್ಷದಲ್ಲಿ ಒಂದು ಪಾಲು ಸಾಯುವ ಸಂಭವ ಇದ್ದರೆ ಅದು ಒಂದು ಮೈಕ್ರೋಮಾರ್ಟ್. ಒಂದು ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿ ಇಪ್ಪತ್ತು ಸಲವೂ ತಲೆಯೇ ಬೀಳುವ ಸಂಭವ ಹೆಚ್ಚುಕಡಿಮೆ ಅಷ್ಟೇ. ನಮ್ಮದೇ ಒಂದು ಉದಾಹರಣೆ ನೋಡಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅಂದರೆ ದಿನಕ್ಕೆ 462. ಜನಸಂಖ್ಯೆ 140 ಕೋಟಿ ಎಂದು ಹಿಡಿದು ಭಾಗಿಸಿದರೆ, ಭಾರತದಲ್ಲಿ ಹುಟ್ಟಿದ ತಪ್ಪಿಗೆ ಪ್ರತಿಯೊಬ್ಬನೂ ಮೂರು ದಿನಕ್ಕೊಂದು ಮೈಕ್ರೋಮಾರ್ಟನ್ನು ರಸ್ತೆಗೆ ಕಂದಾಯ ಕಟ್ಟುತ್ತಾನೆ. ತೊಟ್ಟಿಲ ಕೂಸು, ಮಂಚ ಬಿಟ್ಟು ಏಳದ ಮುದುಕ ಎಲ್ಲರೂ ಸೇರಿದ ಸರಾಸರಿ ಇದು. ದಿನವೂ ಗಾಡಿ ಓಡಿಸುವವನ ಪಾಲು ಇನ್ನೂ ದೊಡ್ಡದು.

ಈ ಅಳತೆಗೋಲಿನಿಂದ ಆಕಾಶವನ್ನು ಅಳೆಯೋಣ. ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ಆಟ ಸ್ಕೈಡೈವಿಂಗ್. ಅಮೆರಿಕದ ಸ್ಕೈಡೈವಿಂಗ್ ಸಂಘ ವರ್ಷವರ್ಷವೂ ಸಾವನ್ನೂ ಜಿಗಿತದ ಅಂದಾಜನ್ನೂ ಒಟ್ಟಿಗೇ ಪ್ರಕಟಿಸುತ್ತದೆ. 2023ರಲ್ಲಿ 36.5 ಲಕ್ಷ ಜಿಗಿತ, 10 ಸಾವು. ಒಂದು ಜಿಗಿತಕ್ಕೆ 2.7 ಮೈಕ್ರೋಮಾರ್ಟ್. ಅದೇ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದ ಬದಲು ಬಂಡೆಯಿಂದ ಹಾರುವ 'ಬೇಸ್ ಜಂಪಿಂಗ್' ಕೇಳಿ: ನಾರ್ವೆಯ ಶೆರಾಗ್ ಬಂಡೆಯಲ್ಲಿ 1995ರಿಂದ 2005ರವರೆಗೆ 20,850 ಜಿಗಿತ, 9 ಸಾವು. ಒಂದಕ್ಕೆ 430ರ ಆಸುಪಾಸು. ಎರಡನ್ನೂ ನಾವು 'ಮೇಲಿಂದ ಹಾರೋದು' ಎಂದೇ ಕರೆಯುತ್ತೇವೆ, ನಡುವೆ ನೂರೈವತ್ತು ಪಟ್ಟು ಅಂತರ.

ಪ್ಯಾರಾಗ್ಲೈಡಿಂಗಿಗೆ ತುರ್ಕಿಯ ವೈದ್ಯರು ಮಾಡಿದ ಒಂದು ಲೆಕ್ಕ ಸಿಗುತ್ತದೆ. 2004ರಿಂದ 2011ರ ನಡುವೆ 2,42,355 ಹಾರಾಟ, 18 ಸಾವು. ಭಾಗಿಸಿದರೆ ಹಾರಾಟಕ್ಕೆ 74 ಮೈಕ್ರೋಮಾರ್ಟ್. ದೊಡ್ಡ ವಿಮಾನದ ಐದು ವರ್ಷದ ಸರಾಸರಿಗೆ ಹೋಲಿಸಿದರೆ ಆರುನೂರು ಪಟ್ಟಿಗೂ ಮೀರಿ.

"ಆರ್ನೂರು ಪಟ್ಟಾ?" ಹುಡುಗ ಲೋಟ ಕೆಳಗಿಟ್ಟ. ಅಮ್ಮ ಗೆದ್ದವರ ಮುಖ ಮಾಡಿಕೊಂಡು ಒಳಗೆ ಹೋದರು. ಹೋಗಲಿ ಎಂದು ಬಿಟ್ಟೆ. ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಆ 74 ಎಂಬುದು ಪ್ಯಾರಾಗ್ಲೈಡಿಂಗಿನ ಹಣೆಬರಹವೇನಲ್ಲ. ಅದು ಆ ಒಂದು ಕಡೆಯ, ಆ ಎಂಟು ವರ್ಷಗಳ, ಆ ಗುಡ್ಡಗಳ, ಆ ಗಾಳಿಯ ಸಂಖ್ಯೆ. ಅದರಲ್ಲಿ ಇನ್ನೊಂದು ವಿಚಿತ್ರವಿದೆ. ಅದೇ ಲೆಕ್ಕದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವರು 64. ಅಂದರೆ ಒಬ್ಬ ಸತ್ತರೆ ಮೂರೂವರೆ ಜನಕ್ಕೆ ಗಾಯ. ಇದು ನಂಬುವ ಮಾತೇ? ಕಾಲು ಉಳುಕಿದವನು, ಸೊಂಟ ಹಿಡಿದುಕೊಂಡು ಎಣ್ಣೆ ತಿಕ್ಕಿಸಿಕೊಂಡವನು, ಮುಂಗೈ ಮುರಿದುಕೊಂಡು ಊರಿಗೆ ಹೋಗಿ ಕಟ್ಟಿಸಿಕೊಂಡವನು ಯಾವ ರಿಜಿಸ್ಟರಿಗೂ ಬಂದಿರಲಾರ. ಸಾವನ್ನು ಮುಚ್ಚಿಡುವುದು ಕಷ್ಟ, ಗಾಯವನ್ನು ಮುಚ್ಚಿಡುವುದು ಸುಲಭ. ಆದ್ದರಿಂದ ಇಂಥ ಆಟಗಳಲ್ಲಿ ಸಾವಿನ ಅಂಕಿಗೆ ಒಂದಿಷ್ಟು ಬೆಲೆ ಕೊಡಬಹುದು, 'ಗಾಯದ ಪ್ರಮಾಣ ಕಡಿಮೆ' ಎಂದರೆ ಹುಬ್ಬೇರಿಸಬೇಕು. ಪ್ಯಾರಾಗ್ಲೈಡಿಂಗಿನಲ್ಲಿ ಕೂತ ಭಂಗಿಯಲ್ಲೇ ನೆಲಕ್ಕೆ ಅಪ್ಪಳಿಸುವುದರಿಂದ ಪೆಟ್ಟು ಬೀಳುವುದು ಹೆಚ್ಚಾಗಿ ಬೆನ್ನುಮೂಳೆಗೆ, ಕಾಲಿಗೆ. ಬದುಕಿದ ಎಂಬ ಒಂದೇ ಪದದೊಳಗೆ ಗಾಲಿಕುರ್ಚಿಯೂ ಸೇರಿಕೊಂಡಿರುತ್ತದೆ.

ಗಂಟೆಗೋ, ಮೈಲಿಗೋ, ಸಲಕ್ಕೋ?

ಛೇದ ಸಿಕ್ಕಿತು ಎಂದ ಕೂಡಲೇ ನಿಶ್ಚಿಂತೆಯಾಗುವ ಹಾಗಿಲ್ಲ. ಯಾವ ಛೇದ ಆರಿಸಿಕೊಂಡೆ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ. ನಾನು ತರಗತಿಯಲ್ಲಿ ಕೊಡುತ್ತಿದ್ದ ಉದಾಹರಣೆ ಅಮೆರಿಕದ ಸ್ಪೇಸ್ ಶಟಲ್. ಒಟ್ಟು 135 ಸಲ ಹಾರಿತು. 1986ರಲ್ಲಿ ಚಾಲೆಂಜರ್, 2003ರಲ್ಲಿ ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ, ಎರಡು ನೌಕೆ ಹೋದವು, 14 ಜನ ಸತ್ತರು. ಸಲದ ಲೆಕ್ಕದಲ್ಲಿ 68ಕ್ಕೆ ಒಂದು ನಾಶ, ಇಂಥ ಬಸ್ಸನ್ನು ಯಾರೂ ಹತ್ತುವುದಿಲ್ಲ. ಆದರೆ ಭೂಮಿಯನ್ನು ಸುತ್ತಿ ಸುತ್ತಿ ಆ ನೌಕೆಗಳು ಓಡಿದ್ದು ಎಂಬತ್ತು ಕೋಟಿ ಕಿಲೋಮೀಟರಿಗೂ ಹೆಚ್ಚು. ಕಿಲೋಮೀಟರಿನ ಲೆಕ್ಕ ಹಿಡಿದರೆ ನಮ್ಮ ಬೈಕುಗಳಿಗಿಂತ ಅದೇ ಕ್ಷೇಮ ಎಂದು ಸಾಧಿಸಬಹುದು. ಸುಳ್ಳು ಒಂದಕ್ಷರವೂ ಇಲ್ಲ, ಆದರೂ ಮಾತು ಮೋಸದ್ದು.

ಬೆಂಗಳೂರಿನ ಜಕ್ಕೂರು ವಿಮಾನನೆಲೆಯ ಬಯಲಲ್ಲಿ ಕಾಣುವಂಥ ಸಣ್ಣ ಖಾಸಗಿ ವಿಮಾನಗಳ ಲೆಕ್ಕ ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿ ಇಂಥವು ಲಕ್ಷ ಗಂಟೆ ಹಾರಿದರೆ ಸುಮಾರು ಒಂದು ಮಾರಣಾಂತಿಕ ಅಪಘಾತ. ಒಳಗೆ ಕೂತವನಿಗೆ ಒರಟು ಅಂದಾಜಿನಲ್ಲಿ ಗಂಟೆಗೆ 10 ಮೈಕ್ರೋಮಾರ್ಟ್. ಅದೇ ದೇಶದಲ್ಲಿ ಮೋಟಾರ್ ಸೈಕಲ್ ಸವಾರರು ಹತ್ತು ಕೋಟಿ ಮೈಲಿಗೆ ಸುಮಾರು 26 ಜನ ಸಾಯುತ್ತಾರೆ, ಕಿಲೋಮೀಟರಿಗೆ 0.16 ಮೈಕ್ರೋಮಾರ್ಟ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಗಂಟೆಗೆ ಎಷ್ಟಾಯಿತು? ಒಂಬತ್ತೂವರೆಯ ಮೇಲೆ. ಅಂದರೆ ಗಂಟೆಯಲ್ಲಿ ಅಳೆದರೆ ಸಣ್ಣ ವಿಮಾನವೂ ಬೈಕೂ ಸರಿಸಮ. ದೂರದಲ್ಲಿ ಅಳೆದರೆ ವಿಮಾನ ಮೂರು ಪಟ್ಟು ವೇಗವಾಗಿ ಹೋಗುವುದರಿಂದ ಅದರ ಅಪಾಯ ಮೂರನೇ ಒಂದು ಪಾಲು. ಯಾವುದು ಸರಿ? ಮಂಗಳೂರಿಗೆ ಹೋಗಬೇಕು, ಯಾವುದರಲ್ಲಿ ಹೋಗಲಿ ಎಂದು ಯೋಚಿಸುವವನಿಗೆ ಕಿಲೋಮೀಟರ್ ಸರಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಮೋಜಿಗೆ ಏನು ಮಾಡಲಿ ಎನ್ನುವವನಿಗೆ ಗಂಟೆಯೇ ಸರಿ, ಯಾಕೆಂದರೆ ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ಪ್ಯಾರಾಗ್ಲೈಡಿಂಗಿನಲ್ಲಿ ಅಪಾಯ ಹೆಚ್ಚು ಕೂಡಿಕೊಂಡಿರುವುದು ಏರುವಾಗ ಮತ್ತು ಇಳಿಯುವಾಗ, ನೆಲದ ಹತ್ತಿರ. ಅಲ್ಲಿ ಸಲದ ಲೆಕ್ಕ ಅರ್ಥಪೂರ್ಣ. ಆದರೆ ಇಪ್ಪತ್ತು ನಿಮಿಷದ ಜೋಡಿ ಸವಾರಿಯನ್ನೂ ನಡುಮಧ್ಯಾಹ್ನದ ಬಿಸಿಗಾಳಿಯಲ್ಲಿ ನಾಲ್ಕು ಗಂಟೆ ಬೆಟ್ಟ ದಾಟುವವನ ಹಾರಾಟವನ್ನೂ 'ಒಂದು ಸಲ' ಎಂದೇ ಎಣಿಸಿದರೆ ಅದೂ ನ್ಯಾಯವಲ್ಲ.

ಸಲದ ಲೆಕ್ಕಕ್ಕೆ ಇನ್ನೊಂದು ಗುಣವಿದೆ, ಅದು ಕೂಡುತ್ತಾ ಹೋಗುತ್ತದೆ. ಪ್ರವಾಸಕ್ಕೆ ಹೋಗಿ ಒಂದೇ ಒಂದು ಸಲ ಹಾರಿ ಬರುವವನಿಗೆ 74, ಮುಗಿಯಿತು. ಕಲಿತು, ಸ್ವಂತ ರೆಕ್ಕೆ ಕೊಂಡು ವರ್ಷಕ್ಕೆ ಐವತ್ತು ಸಲ ಹಾರುವವನಿಗೆ ಅದೇ ದರದಲ್ಲಿ 3,700, ಅಂದರೆ ವರ್ಷಕ್ಕೆ 270ರಲ್ಲಿ ಒಂದು. ಹತ್ತು ವರ್ಷ ಹಾಗೇ ಹಾರಿದರೆ 27 ಜನರಲ್ಲಿ ಒಬ್ಬ. 'ಒಂದು ಸಲಕ್ಕೆ ಏನೂ ಆಗಲ್ಲ' ಎಂಬುದೂ, 'ಆ ಹವ್ಯಾಸ ಬಿದ್ದವರಲ್ಲಿ ಒಬ್ಬಿಬ್ಬರು ಹೋಗೇ ಹೋಗಿರುತ್ತಾರೆ' ಎಂಬುದೂ ಒಂದೇ ಸಂಖ್ಯೆಯ ಎರಡು ಮುಖ. ನನ್ನ ಅಕ್ಕನ ಮಗ ಕೇಳುತ್ತಿದ್ದದ್ದು ಒಂದು ಸವಾರಿಯಲ್ಲ, ಕಲಿಕೆ. ಅವನು ನೋಡಬೇಕಾದದ್ದು ವರ್ಷದ ಲೆಕ್ಕ.

ಮಳೆ ಪುಸ್ತಕ

ನಮ್ಮಪ್ಪ ಮಳೆಮಾಪಕ ನೋಡಿ ದಿನವೂ ಇಂಚಿನಲ್ಲಿ ಬರೆದಿಡುತ್ತಿದ್ದರು. ಮಲೆನಾಡಿನ ಕಾಫಿ ತೋಟದ ಮನೆಗಳಲ್ಲಿ ಅಂಥದೊಂದು ಹಳೇ ಪುಸ್ತಕ ಇದ್ದೇ ಇರುತ್ತದೆ. ಆ ಪುಸ್ತಕ ಓದಿದವನು ಒಂದು ವರ್ಷದ ಮಳೆ ನೋಡಿ 'ಕಾಲ ಕೆಟ್ಟಿತು' ಅನ್ನುವುದಿಲ್ಲ, ಹಿಂದಿನ ಪುಟ ತಿರುವುತ್ತಾನೆ. ಅಪಘಾತದ ಅಂಕಿಗೂ ಅದೇ ಕಣ್ಣು ಬೇಕು. ಆ ಸ್ಕೈಡೈವಿಂಗ್ ಲೆಕ್ಕದಲ್ಲೇ 2021ರಲ್ಲಿ 10 ಸಾವು, 2022ರಲ್ಲಿ 20, 2023ರಲ್ಲಿ ಮತ್ತೆ 10. ಮೊದಲ ಎರಡನ್ನು ಹಿಡಿದು 'ಸಾವು ಇಮ್ಮಡಿ' ಎಂದು ಬರೆಯಬಹುದು. ಕೊನೆಯ ಎರಡನ್ನು ಹಿಡಿದು 'ಹೊಸ ಕ್ರಮಗಳಿಂದ ಸಾವು ಅರ್ಧಕ್ಕೆ' ಎಂದು ಯಾರೋ ಹಾರ ಹಾಕಿಸಿಕೊಳ್ಳಬಹುದು. ಮೂರು ವರ್ಷದ ಸರಾಸರಿ 13. ಹೀಗೆ ಅಪರೂಪಕ್ಕೆ ಬಿಡಿಬಿಡಿಯಾಗಿ ನಡೆಯುವ ಘಟನೆಗಳಲ್ಲಿ ಸರಾಸರಿಯ ವರ್ಗಮೂಲದ ಎರಡರಷ್ಟು ಆಚೀಚೆ ಆಗುವುದು ಮಾಮೂಲು. 13ರ ವರ್ಗಮೂಲ 3.6, ಎರಡರಷ್ಟು ಎಂದರೆ 7. ಅಂದಮೇಲೆ 6ರಿಂದ 20ರವರೆಗೆ ಯಾವುದು ಬಂದರೂ ಅದು ಬರಿಯ ಅದೃಷ್ಟದ ಏರಿಳಿತ ಇರಬಹುದು. ಅದೇ ಸಂಘದ ಹಳೆಯ ಪುಟ ತೆಗೆದರೆ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ನಲವತ್ತರಿಂದ ಹದಿಮೂರಕ್ಕೆ ಇಳಿದದ್ದು ಅದೃಷ್ಟವಲ್ಲ. ಸಲಕರಣೆ ಬದಲಾಯಿತು, ಕಲಿಸುವ ಕ್ರಮ ಬದಲಾಯಿತು.

ಇದಕ್ಕಿಂತ ಅಪಾಯಕಾರಿಯಾದದ್ದು ಸೊನ್ನೆ. "ಮಾವ, ಅವರ ಶಾಲೇಲಿ ಇವತ್ತಿನವರೆಗೂ ಒಂದೂ ಆಕ್ಸಿಡೆಂಟ್ ಇಲ್ವಂತೆ" ಎಂದ ಹುಡುಗ. ಎಷ್ಟು ಹಾರಾಟದಲ್ಲಿ ಒಂದೂ ಇಲ್ಲ? ಸಂಖ್ಯಾಶಾಸ್ತ್ರದಲ್ಲಿ ಮೂರರ ಸೂತ್ರ ಎಂದೊಂದಿದೆ, ಬೆರಳ ತುದಿಯಲ್ಲಿ ಮಾಡಬಹುದಾದ ಲೆಕ್ಕ. 500 ಸಲ ಮಾಡಿ ಒಂದು ಸಲವೂ ಕೆಟ್ಟದ್ದು ಆಗದಿದ್ದರೆ, ನಿಜವಾದ ಅಪಾಯ ಸೊನ್ನೆ ಎಂದಲ್ಲ. ಅದು ಹೆಚ್ಚೆಂದರೆ 500ರಲ್ಲಿ 3, ಅಂದರೆ 167ರಲ್ಲಿ ಒಂದರವರೆಗೂ ಇರಬಹುದು ಎಂದಷ್ಟೇ ನೂರಕ್ಕೆ ತೊಂಬತ್ತೈದು ಪಾಲು ಭರವಸೆಯಿಂದ ಹೇಳಬಹುದು. ತುರ್ಕಿಯ ದರದಲ್ಲೇ ಹಾರಿಸುವ ಶಾಲೆಯೊಂದು 5,000 ಹಾರಾಟ ಮುಗಿಸಿದರೂ ಒಂದೂ ಸಾವು ಕಾಣದಿರುವ ಸಂಭವ ನೂರಕ್ಕೆ 69. ಫಲಕದ ಮೇಲೆ ಬರೆದ 'ಶೂನ್ಯ ಅಪಘಾತ' ಒಳ್ಳೆಯ ಶಾಲೆಯನ್ನೂ ಕೆಟ್ಟ ಶಾಲೆಯನ್ನೂ ಬೇರ್ಪಡಿಸಿ ತೋರಿಸುವುದಿಲ್ಲ.

ಚಾಲೆಂಜರ್ ದುರಂತದ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕಂಡದ್ದೂ ಇದನ್ನೇ. ನೌಕೆ ನಾಶವಾಗುವ ಸಂಭವ ಲಕ್ಷದಲ್ಲಿ ಒಂದು ಎಂದು ಆಡಳಿತದವರು ಹೇಳುತ್ತಿದ್ದರು, ಕೈಯಲ್ಲಿ ಕೆಲಸ ಮಾಡುವ ಎಂಜಿನಿಯರುಗಳು ನೂರರಲ್ಲಿ ಒಂದು ಎನ್ನುತ್ತಿದ್ದರು. ಲಕ್ಷದಲ್ಲಿ ಒಂದು ಎಂದರೆ ಮುನ್ನೂರು ವರ್ಷ ದಿನಕ್ಕೊಂದು ನೌಕೆ ಹಾರಿಸಿ ಒಂದನ್ನು ಮಾತ್ರ ಕಳೆದುಕೊಳ್ಳುವುದು ಎಂದು ಅವರು ಲೆಕ್ಕ ತೋರಿಸಿದರು. ಹಿಂದಿನ ಸಲ ರಾಕೆಟ್ಟಿನ ಕೀಲು ಮುಚ್ಚುವ ರಬ್ಬರ್ ಉಂಗುರ ಸುಟ್ಟರೂ ನೌಕೆ ವಾಪಸು ಬಂತಲ್ಲ ಎಂಬುದನ್ನೇ ಆಡಳಿತದವರು ಕ್ಷೇಮದ ಪುರಾವೆ ಮಾಡಿಕೊಂಡಿದ್ದರು. ಚಾರ್ಮಾಡಿಯ ತಿರುವಿನಲ್ಲಿ ಎದುರಿನ ಗಾಡಿ ಕಾಣದೆ ಓವರ್‌ಟೇಕ್ ಮಾಡಿ ಬದುಕಿದವನೂ ಅದನ್ನೇ ಮಾಡುತ್ತಾನೆ. ಬದುಕಿದ್ದು ಅಭ್ಯಾಸವಾಗುತ್ತದೆ.

ಸರಾಸರಿ ಯಾರ ಮಗ?

ಹುಡುಗ ಕೊನೆಗೆ ಕೇಳಿದ್ದು ಸರಿಯಾದ ಪ್ರಶ್ನೆ. "ಅದೆಲ್ಲ ಸರಿ ಮಾವ, ಹುಷಾರಾಗಿ ಹಾರಿದ್ರೆ?"

ಸರಾಸರಿಯ ಒಳಗೆ ಎಲ್ಲರೂ ಇರುತ್ತಾರೆ. ಪ್ಯಾರಾಗ್ಲೈಡರ್ ರೆಕ್ಕೆಗಳಲ್ಲಿ ಯುರೋಪಿನ ಪರೀಕ್ಷೆಯಂತೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ. 'ಎ' ರೆಕ್ಕೆ ಮಡಚಿಕೊಂಡರೂ ತಾನಾಗಿ ಬಿಚ್ಚಿಕೊಳ್ಳುವ ಸಾಧು ಎತ್ತು. 'ಡಿ' ಪಳಗದ ಕುದುರೆ, ಸವಾರ ಎಚ್ಚರ ತಪ್ಪಿದರೆ ಕೆಡವುತ್ತದೆ. ಇಬ್ಬರ ಸಾವೂ ಒಂದೇ ಅಂಶಕ್ಕೆ ಹೋಗಿ ಸೇರುತ್ತದೆ. ಮುಂಜಾನೆಯ ತಣ್ಣನೆಯ ಗಾಳಿಯಲ್ಲಿ ಹಾರಿದವನು, ಏಪ್ರಿಲ್ ಮಧ್ಯಾಹ್ನ ಬಂಡೆ ಕಾದು ಬಿಸಿಗಾಳಿ ಗುಳ್ಳೆಗುಳ್ಳೆಯಾಗಿ ಏಳುವಾಗ ಹಾರಿದವನು, ಇಬ್ಬರೂ ಒಂದೇ ಛೇದದಲ್ಲಿ. ಬೆಟ್ಟದ ಯಾವ ಬದಿ ಎಂಬುದೂ ಅಷ್ಟೇ ಮುಖ್ಯ. ಮುಳ್ಳಯ್ಯನಗಿರಿಯ 1,930 ಮೀಟರ್ ನೆತ್ತಿಯ ಮೇಲೆ ಪಡುವಣ ಗಾಳಿ ಬೀಸುವಾಗ ನಿಂತವರಿಗೆ ಗೊತ್ತು, ಪಶ್ಚಿಮದ ಅಂಚಿನಲ್ಲಿ ಗಾಳಿ ಎದೆಗೆ ಒತ್ತಿ ಮೇಲಕ್ಕೆತ್ತುತ್ತದೆ. ನಾಲ್ಕು ಹೆಜ್ಜೆ ಪೂರ್ವಕ್ಕೆ ಇಳಿದರೆ ಗಾಳಿ ನಿಂತಂತೆ ಅನಿಸುತ್ತದೆ. ಅದು ನಿಂತಿರುವುದಿಲ್ಲ. ಹೇಮಾವತಿಯಲ್ಲಿ ದೊಡ್ಡ ಬಂಡೆಯ ಹಿಂದೆ ನೀರು ಸುಳಿ ಸುತ್ತುವ ಹಾಗೆ ಆ ಮರೆಯಲ್ಲಿ ಗಾಳಿ ಮೇಲೆ ಕೆಳಗೆ ಉರುಳುತ್ತಿರುತ್ತದೆ. ನೀರಿನ ಸುಳಿ ಕಣ್ಣಿಗೆ ಕಾಣುತ್ತದೆ, ಗಾಳಿಯದು ಕಾಣುವುದಿಲ್ಲ. ಪ್ಯಾರಾಗ್ಲೈಡರ್ ರೆಕ್ಕೆಗೆ ಎಲುಬಿಲ್ಲ, ಒಳಗೆ ತುಂಬಿದ ಗಾಳಿಯ ಒತ್ತಡವೇ ಅದರ ಆಕಾರ. ಆ ಸುಳಿಗೆ ಸಿಕ್ಕರೆ ಒದ್ದೆ ಪಂಚೆಯ ಹಾಗೆ ಮುದುರಿಕೊಳ್ಳುತ್ತದೆ.

ಮಂಜಿನ ಲೆಕ್ಕವಂತೂ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಉಪಕರಣ ನೋಡಿ ವಿಮಾನ ಹಾರಿಸುವುದನ್ನು ಕಲಿಯದ 20 ಪೈಲಟ್‌ಗಳನ್ನು ಹೊರಗೇನೂ ಕಾಣದ, ಮೋಡದೊಳಗೆ ಹೊಕ್ಕಂಥ ಸ್ಥಿತಿಗೆ ಒಡ್ಡಿ ನೋಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಕಣ್ಣಿಗೆ ದಿಗಂತ ಕಾಣದಿದ್ದರೆ ಒಳಗಿವಿಯ ದ್ರವ ಸುಳ್ಳು ಹೇಳುತ್ತದೆ, ವಾಲಿದವನಿಗೆ ನೆಟ್ಟಗಿದ್ದೇನೆ ಅನಿಸುತ್ತದೆ. ಜುಲೈ ತಿಂಗಳಲ್ಲಿ ಚಾರ್ಮಾಡಿ ಮಂಜಿನಲ್ಲಿ ಸಿಕ್ಕಿದವನು ಗಾಡಿ ಬದಿಗೆ ಹಾಕಿ ನಿಲ್ಲಬಹುದು. ಮೇಲೆ ಬದಿ ಎಂಬುದೇ ಇಲ್ಲ.

ಆದ್ದರಿಂದ ಹುಷಾರಾಗಿರುವವನ ಅಪಾಯ ಸರಾಸರಿಗಿಂತ ಕಡಿಮೆ ಎಂಬುದು ನಿಜ. ಎಷ್ಟು ಕಡಿಮೆ ಎಂದು ಅವನೇ ನಿರ್ಧರಿಸಿಕೊಳ್ಳುವುದರಲ್ಲಿ ಮಾತ್ರ ತೊಡಕು. ಸತ್ತ ಹದಿನೆಂಟು ಜನರನ್ನೂ ಹಿಂದಿನ ದಿನ ಕೇಳಿದ್ದರೆ 'ನಾನು ಹುಷಾರು' ಎಂದೇ ಹೇಳುತ್ತಿದ್ದರು. ಪ್ಯಾರಾಗ್ಲೈಡಿಂಗ್ ಜನರಲ್ಲಿ ಒಂದು ಮಾತಿದೆ, ಹೊಸಬನಿಗಿಂತ ಅರ್ಧ ಕಲಿತವನೇ ಹೆಚ್ಚು ಬೀಳುತ್ತಾನೆ ಎಂದು. ಹೊಸಬನಿಗೆ ಹೆದರಿಕೆ ಕಾಯುತ್ತದೆ, ಹಳಬನಿಗೆ ಅನುಭವ ಕಾಯುತ್ತದೆ, ನಡುವಿನವನ ಹತ್ತಿರ ಧೈರ್ಯ ಒಂದೇ ಇರುತ್ತದೆ.

ಸಲಕರಣೆ ಕಾಯುತ್ತದೆ ಎಂಬುದಕ್ಕೂ ಇದೇ ಷರತ್ತು. ಸ್ಕೈಡೈವಿಂಗ್ ಸಲಕರಣೆ ತಯಾರಕ ಬಿಲ್ ಬೂತ್ ಬಹಳ ಹಿಂದೆಯೇ ಗುರುತಿಸಿದ್ದರು, ಸಲಕರಣೆ ಎಷ್ಟು ಸುರಕ್ಷಿತವಾದರೆ ಜನ ಅಷ್ಟೇ ಹೆಚ್ಚು ಸಾಹಸಕ್ಕೆ ಕೈಹಾಕಿ ಸಾವಿನ ದರವನ್ನು ಇದ್ದಲ್ಲೇ ಉಳಿಸುತ್ತಾರೆ ಎಂದು. 1991ರಲ್ಲಿ ಜರ್ಮನಿಯಿಂದ ಸೈಪ್ರೆಸ್ ಎಂಬ ಪುಟ್ಟ ಸಾಧನ ಬಂತು. ಜಿಗಿದವನು ಪ್ರಜ್ಞೆ ತಪ್ಪಿದ್ದರೂ ಎತ್ತರ ಮತ್ತು ವೇಗ ಲೆಕ್ಕ ಹಾಕಿ ತಾನೇ ಮೀಸಲು ಪ್ಯಾರಾಶೂಟ್ ಬಿಚ್ಚುತ್ತದೆ. ಬಿಚ್ಚದೆ ಸಾಯುವವರು ಕಡಿಮೆಯಾದರು. ಅಷ್ಟರಲ್ಲಿ ಚಿಕ್ಕ, ಚುರುಕು ಪ್ಯಾರಾಶೂಟ್‌ಗಳ ಶೋಕಿ ಬಂತು. ಸರಿಯಾಗಿ ಬಿಚ್ಚಿಕೊಂಡ ಪ್ಯಾರಾಶೂಟಿನ ಕೆಳಗೆ, ನೆಲದ ಹತ್ತಿರ ಜೋರಾಗಿ ತಿರುಗಿಸಲು ಹೋಗಿ ಸಾಯುವವರು ಕಾಣಿಸಿಕೊಂಡರು. ಬೂತ್ ಹೇಳಿದ್ದು ಪೂರ್ತಿ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಲವತ್ತು ಹದಿಮೂರಾಗಿದ್ದು ಸುಳ್ಳಲ್ಲವಲ್ಲ. ಆದರೆ ಲಾಭದ ಒಂದಿಷ್ಟು ಪಾಲನ್ನು ಜನ ತಿಂದುಹಾಕುತ್ತಾರೆ ಎಂಬಷ್ಟು ಖಂಡಿತ.

ಕಾನೂನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾರಾಗ್ಲೈಡಿಂಗಿಗೆ ಹೆಸರಾದ ಬೀರ್-ಬಿಲ್ಲಿಂಗ್ ಇರುವ ಹಿಮಾಚಲದಲ್ಲಿ 2004ರಿಂದ ಏರೋ ಸ್ಪೋರ್ಟ್ಸ್ ನಿಯಮಗಳಿವೆ, ಕೇಂದ್ರ 2022ರಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ತಂದಿದೆ. ಕಾಗದ ಇರುವುದು ಒಳ್ಳೆಯದೇ. ಗುಡ್ಡದ ಮೇಲೆ ನಿಂತಾಗ ಕೆಲಸಕ್ಕೆ ಬರುವುದು ಪ್ರಶ್ನೆ. ನಾನಾಗಿದ್ದರೆ ಕಳೆದ ವರ್ಷ ಎಷ್ಟು ಹಾರಾಟ ಆಯಿತು, ಗಾಯವನ್ನು ಬರೆದಿಡುತ್ತೀರಾ ಎಂದು ಕೇಳಿ, ಆಮೇಲೆ ಇನ್ನೊಂದು ಕೇಳುತ್ತಿದ್ದೆ: ಹೋದ ತಿಂಗಳು ಎಷ್ಟು ದಿನ ಗಾಳಿ ಸರಿಯಿಲ್ಲವೆಂದು ಹಾರಿಸದೆ ಜನರನ್ನು ವಾಪಸು ಕಳಿಸಿದಿರಿ? ದುಡ್ಡು ಕೊಟ್ಟು ಬಂದ ಗಿರಾಕಿಯನ್ನು ವಾಪಸು ಕಳಿಸಿದ ದಿನಗಳ ಲೆಕ್ಕ, ಶೂನ್ಯ ಅಪಘಾತದ ಫಲಕಕ್ಕಿಂತ ಹೆಚ್ಚು ಹೇಳುತ್ತದೆ. 'ಒಂದು ದಿನವೂ ಇಲ್ಲ' ಎಂದರೆ ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದುಬರುತ್ತೇನೆ.

ಇಷ್ಟು ಹೇಳುವಷ್ಟರಲ್ಲಿ ಸಂಜೆಯಾಗಿತ್ತು. ಹುಡುಗ ಫೋನಿನಲ್ಲಿ ಏನೋ ಗುಣಾಕಾರ ಮಾಡುತ್ತಿದ್ದ. ಬೆಂಗಳೂರಿಂದ ಸಕಲೇಶಪುರ 220 ಕಿಲೋಮೀಟರ್, ಹೋಗಿ ಬರಲು 440. ಅಮೆರಿಕದ ಬೈಕಿನ ದರದಲ್ಲಿ ಕಿಲೋಮೀಟರಿಗೆ 0.16.

"ಮಾವ, ಎಪ್ಪತ್ತು ಬರ್ತಿದೆ."

"ಹೂಂ."

"ತುರ್ಕಿದು ಎಪ್ಪತ್ನಾಲ್ಕು."

"ನಮ್ಮ ರಸ್ತೆ ಅಮೆರಿಕದ್ದಲ್ಲ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,029."

ಅವನ ಮುಖ ಅರಳಿತು. ಅಂದರೆ ಪ್ಯಾರಾಗ್ಲೈಡಿಂಗ್ ಮನೆಗೆ ಬಂದುಹೋದಷ್ಟೇ, ಹಾಗಾದರೆ ಹೋಗಬಹುದು ಎಂದು ಅವನ ತೀರ್ಪು. ಒಂದು ಅಪಾಯ ಆಗಲೇ ಇದೆ ಎಂಬುದು ಇನ್ನೊಂದನ್ನು ಕೂಡಿಸಿಕೊಳ್ಳಲು ಕಾರಣವಾಗುವುದಿಲ್ಲ, ಎಪ್ಪತ್ತಕ್ಕೆ ಎಪ್ಪತ್ನಾಲ್ಕು ಸೇರಿದರೆ ನೂರನಲವತ್ನಾಲ್ಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೊರಗೆ ಬಂದರು. ಅವರು ಕೇಳಿಸಿಕೊಂಡದ್ದು ಬೇರೆಯೇ.

"ಬೈಕು ಅಷ್ಟೊಂದು ಕೆಟ್ಟದ್ದಾ? ಹಂಗಾದ್ರೆ ನಾಳೆ ಬೈಕು ಇಲ್ಲೇ ಬಿಟ್ಟು ರೈಲಲ್ಲಿ ಹೋಗು."

"ಅಜ್ಜಿ, ಬೈಕಿಲ್ದೆ ಅಲ್ಲಿ ಆಫೀಸಿಗೆ ಹೆಂಗ್ ಹೋಗ್ಲಿ?"